ಬಣ್ಣ ನೋಡಿ ಮರುಳಾಗಬೇಡಿ, ಬಣ್ಣ ಮರೆತು ಮಾರಬೇಡಿ: ಜಾಲತಾಣ ಮತ್ತು ವ್ಯಾಪಾರದಲ್ಲಿ ಬಣ್ಣಗಳ ಮನೋವಿಜ್ಞಾನ

ಮುರಗೂಡ: ಬಣ್ಣ ನೋಡಿ ಬೆಲ್ಲದ ದರ ಕಟ್ಟುವ ನಾಡು ನಮ್ಮದು. ವೇದಗಂಗೆಯ ದಂಡೆಯ ಕಬ್ಬು ಗಾಣಕ್ಕೆ ಹೋಗಿ, ಕೊಪ್ಪರಿಗೆಯಲ್ಲಿ ಕುದ್ದು, ಪೆಂಟಿಯಾಗಿ ಕೊಲ್ಹಾಪುರದ ಮಾರುಕಟ್ಟೆಗೆ ಬರುತ್ತದೆ. ಅಲ್ಲಿ ವ್ಯಾಪಾರಿಯ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ಹೊನ್ನಿನಂತೆ ಹಳದಿ ಇದ್ದರೆ ಒಂದು ದರ, ಕಂದು ಇದ್ದರೆ ಇನ್ನೊಂದು. ರಾಜರ್ಷಿ ಶಾಹು ಮಹಾರಾಜರು 1895ರಲ್ಲಿ ಶಾಹುಪುರಿಯ ಬೆಲ್ಲದ ಪೇಟೆಯನ್ನು ಕಟ್ಟಿದರು. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇಷ್ಟೆಲ್ಲ ಆದರೂ ತಿಳಿ ಬಣ್ಣದ ಬೆಲ್ಲಕ್ಕೆ ಇರುವ ಮೋಹ ಹೋಗಿಲ್ಲ. ಈ ಬೆಲ್ಲದ ದೊಡ್ಡ ಗಿರಾಕಿ ಗುಜರಾತ್. ಅಲ್ಲಿಯವರಿಗೆ ಬೇಕಾದದ್ದು ತಿಳಿ ಹಳದಿ.

ಇತ್ತೀಚೆಗೆ ನನ್ನ ಪರಿಚಯದ ರೈತರೊಬ್ಬರು ಮಗನ ಕೈಯಿಂದ ಬೆಲ್ಲ ಮಾರುವ ಜಾಲತಾಣ ಮಾಡಿಸಿದರು. ಅವರ ಬೆಲ್ಲ ರಸಾಯನ ಹಾಕದ್ದು, ಬಣ್ಣ ಗಾಢ ಕಂದು. ಆದರೆ ಹುಡುಗ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ ಹೊನ್ನಿನಂತೆ ಮಾಡಿಬಿಟ್ಟ. ಮೇಲೆ ಕೇಸರಿ ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ, ಎಲ್ಲ ಕಡೆ ಕೆಂಪು ಗುಂಡಿಗಳು. ಮೊದಲ ತಿಂಗಳಲ್ಲೇ ಪುಣೆಗೆ ಹೋದ ಪಾರ್ಸೆಲ್ ಮರಳಿ ಬಂತು. "ಫೋಟೋದಲ್ಲಿ ಇದ್ದದ್ದು ಇದಲ್ಲ" ಎಂದು ಗಿರಾಕಿಯ ತಕರಾರು. "ಔಷಧ ಹಾಕದ ಬೆಲ್ಲ ಮಾಡಿದ್ದ ತಪ್ಪಾತೇನ್ರೀ ಸರ?" ಎಂದು ರೈತರು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ಆಮೇಲೆ ಕುಳಿತು ಓದಿದೆ, ತಿಳಿದವರನ್ನು ಕೇಳಿದೆ. ಆ ಓದಿನಿಂದ ತಿಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ. ಜಾಲತಾಣ ಮಾಡಿಸುವವರಿಗೂ, ಅಲ್ಲಿ ಕೊಳ್ಳುವವರಿಗೂ ಉಪಯೋಗವಾದೀತು.

ಬಣ್ಣಗಳ ಮನೋವಿಜ್ಞಾನ ಎಂದರೇನು?

ಬಣ್ಣ ಕಂಡಾಗ ನಮ್ಮ ಮನಸ್ಸಿನಲ್ಲಿ ಏನಾಗುತ್ತದೆ, ಅದರಿಂದ ನಮ್ಮ ನಡತೆ ಹೇಗೆ ಬದಲಾಗುತ್ತದೆ ಎಂಬ ಅಧ್ಯಯನವೇ ಬಣ್ಣಗಳ ಮನೋವಿಜ್ಞಾನ. ಜರ್ಮನಿಯ ಕವಿ ಗಯಟೆ 1810ರಲ್ಲೇ ಬಣ್ಣಗಳ ಕುರಿತು ದೊಡ್ಡ ಗ್ರಂಥ ಬರೆದು, ಯಾವ ಬಣ್ಣ ಮನಸ್ಸಿಗೆ ಏನು ಮಾಡುತ್ತದೆ ಎಂದು ವಿಚಾರ ಮಾಡಿದ್ದ. ಪ್ರಯೋಗಗಳ ಮೂಲಕ ಅಳೆಯುವ ಕೆಲಸ ನಡೆದದ್ದು ಬಹಳ ತಡವಾಗಿ.

2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 30 ದೇಶಗಳ 4,598 ಜನರನ್ನು, ಅವರವರ ಭಾಷೆಯಲ್ಲೇ, ಯಾವ ಬಣ್ಣ ಯಾವ ಭಾವನೆಗೆ ಹೊಂದುತ್ತದೆ ಎಂದು ಕೇಳಲಾಯಿತು. ಎರಡು ಸಂಗತಿಗಳು ಹೊರಬಂದವು. ಒಂದು, ಮನುಷ್ಯರು ಬಹಳ ಮಟ್ಟಿಗೆ ಒಂದೇ ರೀತಿ ಉತ್ತರಿಸುತ್ತಾರೆ. ಕಪ್ಪು ಎಂದರೆ ದುಃಖ, ಹಳದಿ ಎಂದರೆ ಸಂತೋಷ. ಕೆಂಪು ಮಾತ್ರ ವಿಚಿತ್ರ, ಪ್ರೀತಿಗೂ ಅದೇ, ಸಿಟ್ಟಿಗೂ ಅದೇ! ಎರಡನೆಯದು, ದೇಶದಿಂದ ದೇಶಕ್ಕೆ ವ್ಯತ್ಯಾಸವೂ ಇದೆ. ಚೀನಾದಲ್ಲಿ ಬಿಳಿ ದುಃಖಕ್ಕೆ ಹತ್ತಿರ, ಗ್ರೀಸ್‌ನಲ್ಲಿ ನೇರಳೆ. ಭಾಷೆಯಿಂದಲೂ ನೆಲದಿಂದಲೂ ಹತ್ತಿರ ಇರುವವರ ಉತ್ತರಗಳು ಹೆಚ್ಚು ಹೊಂದುತ್ತವೆ. ಗಡಿಯಲ್ಲಿ ಎರಡು ಭಾಷೆಯೊಂದಿಗೆ ಬಾಳುವ ನಮಗೆ ಈ ಕೊನೆಯ ಮಾತು ಹೊಸದೇನಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. "ಗಿರಾಕಿ 90 ಸೆಕೆಂಡಿನಲ್ಲಿ ತೀರ್ಮಾನ ಮಾಡುತ್ತಾನೆ, ಅದರಲ್ಲಿ ಶೇ. 62ರಿಂದ 90ರಷ್ಟು ಬಣ್ಣದಿಂದಲೇ" ಎಂಬ ಮಾತು ಜಾಹೀರಾತಿನವರ ಬಾಯಲ್ಲಿ ಸದಾ ಇರುತ್ತದೆ. ಅವರು ಇದಕ್ಕೆ ತೋರಿಸುವುದು 2006ರ ಒಂದು ಲೇಖನ. ಆದರೆ ಅದು ಹೊಸ ಪ್ರಯೋಗವಲ್ಲ, ಹಿಂದಿನ ಬರಹಗಳನ್ನು ಒಟ್ಟುಮಾಡಿದ ಸಮೀಕ್ಷೆ. ಆದ್ದರಿಂದ ಈ ಅಂಕಿ ಹೇಳಿ "ಬಣ್ಣ ಬದಲಿಸಿಕೊಡ್ತೀನಿ, ವ್ಯಾಪಾರ ದುಪ್ಪಟ್ಟು ಆಗ್ತದ" ಎನ್ನುವವರಿಗೆ ಮುಂಗಡ ಕೊಡುವ ಮುನ್ನ ಎರಡು ಸಲ ವಿಚಾರ ಮಾಡಿ.

ನಮ್ಮ ಗಡಿಯಲ್ಲಿ ಯಾವ ಬಣ್ಣ ಏನು ಹೇಳುತ್ತದೆ?

ಹೊರದೇಶದ ಪುಸ್ತಕಗಳಲ್ಲಿ "ಹಳದಿ ಎಂದರೆ ಎಚ್ಚರಿಕೆ, ಬಿಳಿ ಎಂದರೆ ಮದುವೆ" ಎಂದೆಲ್ಲ ಪಟ್ಟಿ ಇರುತ್ತದೆ. ಅದನ್ನು ಹಾಗೆಯೇ ತಂದು ಇಲ್ಲಿ ಅಂಟಿಸಿದರೆ ಕೆಲಸ ಕೆಟ್ಟಿತು. ನಮ್ಮ ಪಟ್ಟಿ ಬೇರೆ.

ಹಳದಿ: ಇಲ್ಲಿ ಹಳದಿ ಎಂದರೆ ಭಂಡಾರ. ಮುರಗೂಡದ ಹತ್ತಿರದ ಆದಮಾಪುರದಲ್ಲಿ ಬಾಳೂಮಾಮಾ ಅವರ ಸನ್ನಿಧಿಗೆ ಹೋದವರ ಹಣೆ ನೋಡಿ. ಬಾಳೂಮಾಮಾ ಹುಟ್ಟಿದ್ದು 1892ರಲ್ಲಿ ಬೆಳಗಾವಿ ಜಿಲ್ಲೆಯ ಅಕ್ಕೋಳದಲ್ಲಿ, ದೇಹ ಬಿಟ್ಟದ್ದು 1966ರಲ್ಲಿ ಆದಮಾಪುರದಲ್ಲಿ. ಗಡಿಯ ಎರಡೂ ಕಡೆಯ ಭಕ್ತರಿಗೆ ಒಂದೇ ಭಂಡಾರ. ಪಟ್ಟಣ ಕೋಡೋಲಿಯ ವಿಠ್ಠಲ ಬೀರದೇವರ ಜಾತ್ರೆಯಲ್ಲಿ ನೆಲವೆಲ್ಲ ಹಳದಿ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲೂ ಅದೇ. ನಮ್ಮವರಿಗೆ ಹಳದಿ ಮಂಗಳ, ಭಕ್ತಿ, ಸಮೃದ್ಧಿ.

ಕೆಂಪು ಮತ್ತು ಗುಲಾಲು: ಕುಂಕುಮ ಮುತ್ತೈದೆತನ. ಜ್ಯೋತಿಬಾ ಡೊಂಗರದ ಚೈತ್ರ ಯಾತ್ರೆಯ ಗುಲಾಲು ಸಂಭ್ರಮ, ಚುನಾವಣೆ ಗೆದ್ದವರ ಮೈಮೇಲಿನ ಗುಲಾಲು ಜಯ. ಆದರೆ ಬ್ಯಾಂಕಿನ ಪುಟದಲ್ಲಿ ಕೆಂಪು ಅಕ್ಷರ ಕಂಡರೆ ಎದೆ ಝಲ್ ಎನ್ನುತ್ತದೆ. ಬಾಕಿ, ತಪ್ಪು, ಅಪಾಯ!

ಕೇಸರಿ, ಹಳದಿ-ಕೆಂಪು ಜೋಡಿ: ಇವೆರಡನ್ನು ಗಡಿಯಲ್ಲಿ ನೋಡಿಕೊಂಡು ಬಳಸಬೇಕು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಧ್ವಜ ಅರಿಷಿಣ ಕುಂಕುಮದ್ದು, ಕನ್ನಡದ್ದು. ಭಗವಾ ಬಣ್ಣ ಕಂಡರೆ ಶಿವಾಜಿ ಮಹಾರಾಜರು, ಮಹಾರಾಷ್ಟ್ರ ನೆನಪಾಗುತ್ತದೆ. ನವೆಂಬರ್ 1ರಂದು ಬೆಳಗಾವಿಯಲ್ಲಿ ಒಂದು ಬೀದಿ ಹಳದಿ-ಕೆಂಪಾಗಿ ರಾಜ್ಯೋತ್ಸವ ಆಚರಿಸಿದರೆ, ಅದೇ ದಿನ ಎಂಇಎಸ್ ಕಪ್ಪು ದಿನ ಎನ್ನುತ್ತದೆ. ನಿಪ್ಪಾಣಿ ಮತ್ತು ಕಾಗಲ್ ಎರಡೂ ಕಡೆ ಗಿರಾಕಿ ಇರುವ ಅಂಗಡಿಯವರು ಜಾಲತಾಣದ ಪಟ್ಟಿಗೆ ಇವುಗಳಲ್ಲಿ ಒಂದನ್ನು ಹಚ್ಚಿದರೆ, ಒಂದು ಮಾತನ್ನೂ ಬರೆಯದೆ ಪಕ್ಷ ವಹಿಸಿದಂತೆ. ಅಭಿಮಾನ ತೋರಿಸುವುದು ನಿಮ್ಮ ಇಚ್ಛೆ, ಆದರೆ ತಿಳಿದು ತೋರಿಸಿ.

ಹಸಿರು: ಮದುಮಗಳ ಹಸಿರು ಬಳೆ ಎರಡೂ ಕಡೆ ಒಂದೇ. ಪೈರು, ಸಮೃದ್ಧಿ. ಆಹಾರದ ಪಾಕೀಟಿನ ಮೇಲೆ ಹಸಿರು ಚುಕ್ಕೆ ಎಂದರೆ ಸಸ್ಯಾಹಾರ. ಈಗ "ಸಾವಯವ" ಎಂದು ಹೇಳಿಕೊಳ್ಳುವ ಎಲ್ಲರಿಗೂ ಹಸಿರೇ ಬೇಕು.

ನೀಲಿ: ಬ್ಯಾಂಕು, ವಿಮೆ, ಕಂಪ್ಯೂಟರ್ ಕಂಪನಿಗಳ ಮೆಚ್ಚಿನ ಬಣ್ಣ. 2012ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಜನ ನೀಲಿ ಗುರುತನ್ನು ಸಾಮರ್ಥ್ಯದೊಂದಿಗೆ, ಕೆಂಪನ್ನು ಉತ್ಸಾಹದೊಂದಿಗೆ ಜೋಡಿಸಿದರು. ನಮ್ಮಲ್ಲಿ ಜಯಂತಿಯ ದಿನ ನೀಲಿ ಎಂದರೆ ಬಾಬಾಸಾಹೇಬ ಅಂಬೇಡ್ಕರ್ ಅವರ ಬಣ್ಣ.

ಕಪ್ಪು: ಶುಭಕಾರ್ಯಕ್ಕೆ ಬೇಡ ಎನ್ನುವ ಬಣ್ಣ. ಆದರೂ ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಹೆಂಗಸರು ಕಪ್ಪು ಸೀರೆಯನ್ನೇ ಉಡುತ್ತಾರೆ! ಕರ್ನಾಟಕದ ಬಹಳ ಕಡೆ ಆ ರೂಢಿ ಇಲ್ಲ. ಸಂಕ್ರಾಂತಿ ಸೀರೆ ಮಾರುವವರು ಒಂದೇ ಜಾಹೀರಾತನ್ನು ಕೊಲ್ಹಾಪುರಕ್ಕೂ ದಾವಣಗೆರೆಗೂ ಕಳಿಸಿದರೆ ಏನಾದೀತು ಯೋಚಿಸಿ.

ಕಂದು: ಮಣ್ಣು, ತೊಗಲು, ಬೆಲ್ಲ. ಕೊಲ್ಹಾಪುರಿ ಚಪ್ಪಲಿಯ ಬಣ್ಣವೂ ಇದೇ. ಗಿಡದ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನ ಸಹಜ ಬಣ್ಣ. 2019ರಲ್ಲಿ ಈ ಚಪ್ಪಲಿಗೆ ಮಹಾರಾಷ್ಟ್ರ ಮತ್ತು ಕರ್ನಾಟಕದ ಎಂಟು ಜಿಲ್ಲೆಗಳಿಗೆ ಸೇರಿ ಭೌಗೋಳಿಕ ಗುರುತು ದೊರೆಯಿತು. ಕೈಕೆಲಸ ಎಂದು ಗಿರಾಕಿ ನಂಬುವುದಕ್ಕೆ ಆ ಕಂದು ಬಣ್ಣವೇ ಸಾಕ್ಷಿ.

ಬಣ್ಣವೇ ಆಸ್ತಿಯಾದಾಗ

ವ್ಯಾಪಾರದಲ್ಲಿ ಒಂದೇ ಬಣ್ಣವನ್ನು ವರ್ಷಗಟ್ಟಲೆ ತೋರಿಸಿದರೆ ಅದೇ ಹೆಸರಾಗುತ್ತದೆ. ಓದು ಬಾರದ ಅಜ್ಜಿಯೂ "ಹಳದಿ ಸಾಬೂನಿನ ಪುಡಿ ಕೊಡಪ್ಪಾ" ಎಂದರೆ ಅಂಗಡಿಯವನು ನಿರ್ಮಾ ಕೊಡುತ್ತಿದ್ದ ಕಾಲ ನೆನಪಿದೆಯಲ್ಲವೆ? ನಂದಿನಿಯ ನೀಲಿ ಪಾಕೀಟು ಕೇಳಿದರೆ ಟೋನ್ಡ್ ಹಾಲು ಸಿಗುತ್ತದೆ.

ಇದಕ್ಕೆ ಕಾನೂನಿನ ಬಲವೂ ಇದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಬಣ್ಣಗಳ ಜೋಡಣೆಯೂ ವ್ಯಾಪಾರ ಚಿಹ್ನೆ ಆಗಬಹುದು. 2003ರಲ್ಲಿ ಹಲ್ಲುಪುಡಿಯ ಡಬ್ಬಿಯ ಕೆಂಪು-ಬಿಳಿ ಬಣ್ಣದ ಸಲುವಾಗಿ ಕೋಲ್ಗೇಟ್ ಮತ್ತು ಆಂಕರ್ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದವು. ಆಗ ನ್ಯಾಯಾಲಯ ಕೋಲ್ಗೇಟ್ ಪರವಾಗಿ ಮಧ್ಯಂತರ ತಡೆ ಕೊಟ್ಟಿತು. ಹೆಸರು ಬೇರೆ ಇದ್ದರೂ ಬಣ್ಣ ನೋಡಿ ಗಿರಾಕಿ ಮೋಸ ಹೋಗಬಹುದು ಎಂಬುದು ಅದರ ತಿರುಳು.

ಪರದೆಯ ಮೇಲೆ ಬಣ್ಣ ಹೇಗೆ ಮೂಡುತ್ತದೆ?

ಗೋಡೆಗೆ ಹಚ್ಚುವ ಬಣ್ಣ ಬೇರೆ, ಪರದೆಯ ಬಣ್ಣ ಬೇರೆ. ಕಂಪ್ಯೂಟರ್ ಮತ್ತು ಮೊಬೈಲಿನ ಪರದೆಯಲ್ಲಿ ಇರುವುದು ಕೆಂಪು, ಹಸಿರು, ನೀಲಿ ಎಂಬ ಮೂರೇ ಬೆಳಕು. ಒಂದೊಂದಕ್ಕೂ 256 ಮಟ್ಟ. ಮೂರನ್ನೂ ಗುಣಿಸಿದರೆ 1,67,77,216 ಬಣ್ಣಗಳು! 1990ರ ದಶಕದ ಬಹಳಷ್ಟು ಪರದೆಗಳು ಒಮ್ಮೆಗೆ 256 ಬಣ್ಣ ಮಾತ್ರ ತೋರಿಸುತ್ತಿದ್ದವು. ಅದಕ್ಕೇ ಜಾಲತಾಣ ಮಾಡುವವರು ಎಲ್ಲ ಕಡೆ ಒಂದೇ ರೀತಿ ಕಾಣುವ 216 ಬಣ್ಣಗಳ ಪಟ್ಟಿ ಇಟ್ಟುಕೊಂಡಿರುತ್ತಿದ್ದರು. ಈಗ ಆ ಕಟ್ಟು ಇಲ್ಲ. ಆದರೂ ಒಂದೇ ಬಣ್ಣ ಎರಡು ಮೊಬೈಲುಗಳಲ್ಲಿ ಒಂದೇ ರೀತಿ ಕಾಣುತ್ತದೆಂಬ ಖಾತ್ರಿ ಇಲ್ಲ.

ಕೊಂಡಿಗಳು ನೀಲಿ ಇರುವುದು ನಿಮಗೆ ಗೊತ್ತು. ಈ ರೂಢಿ 1993ರ ಮೊಸಾಯಿಕ್ ಬ್ರೌಸರಿನಿಂದ ಹಬ್ಬಿತು. ಮುಂದೆ ಗೂಗಲ್ ತನ್ನ ಕೊಂಡಿಗಳಿಗೆ ಯಾವ ನೀಲಿ ಒಳ್ಳೆಯದು ಎಂದು ತಿಳಿಯಲು 41 ಛಾಯೆಗಳನ್ನು ಪರೀಕ್ಷೆಗೆ ಇಟ್ಟಿತು. ಇದರಿಂದ ಬೇಸತ್ತ ಒಬ್ಬ ವಿನ್ಯಾಸಕಾರ 2009ರಲ್ಲಿ ಕಂಪನಿ ಬಿಡುವಾಗ ಈ ಸಂಗತಿ ಬರೆದ. 2014ರಲ್ಲಿ ಗೂಗಲ್‌ನ ಬ್ರಿಟನ್ ಮುಖ್ಯಸ್ಥರು, ಸರಿಯಾದ ನೀಲಿಯಿಂದ ವರ್ಷಕ್ಕೆ 20 ಕೋಟಿ ಡಾಲರ್ ಹೆಚ್ಚು ಆದಾಯ ಬಂತು ಎಂದರು. ಕೋಟ್ಯಂತರ ಜನ ಬರುವ ತಾಣದಲ್ಲಿ ಕೂದಲೆಳೆಯ ವ್ಯತ್ಯಾಸವೂ ದೊಡ್ಡದಾಗುತ್ತದೆ. ದಿನಕ್ಕೆ ಐವತ್ತು ಜನ ಬರುವ ಬೆಲ್ಲದ ತಾಣಕ್ಕೆ ಇಂಥ ಕಸರತ್ತು ಬೇಕಿಲ್ಲ.

"ಕೊಳ್ಳಿರಿ" ಗುಂಡಿಗೆ ಯಾವ ಬಣ್ಣ?

ಎಲ್ಲರೂ ಕೇಳುವ ಪ್ರಶ್ನೆ ಇದು. 2011ರಲ್ಲಿ ಪರ್‌ಫಾರ್ಮಬಲ್ ಎಂಬ ಅಮೆರಿಕನ್ ಕಂಪನಿ ಒಂದೇ ಪುಟಕ್ಕೆ ಒಮ್ಮೆ ಹಸಿರು ಗುಂಡಿ, ಒಮ್ಮೆ ಕೆಂಪು ಗುಂಡಿ ಇಟ್ಟು ನೋಡಿತು. ಕೆಂಪು ಗುಂಡಿಯನ್ನು ಶೇ. 21ರಷ್ಟು ಹೆಚ್ಚು ಜನ ಒತ್ತಿದರು. "ಹಾಗಾದರೆ ಕೆಂಪೇ ಶ್ರೇಷ್ಠ" ಎಂದು ಲೋಕವೆಲ್ಲ ಸುದ್ದಿ. ಆದರೆ ಆ ಪುಟದಲ್ಲಿ ಮೊದಲೇ ಹಸಿರು ತುಂಬಿತ್ತು. ಹಸಿರಿನ ನಡುವೆ ಕೆಂಪು ಎದ್ದು ಕಂಡಿತು, ಅಷ್ಟೆ!

ಜರ್ಮನಿಯ ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟೋರ್ಫ್ 1933ರಲ್ಲೇ ಇದನ್ನು ತೋರಿಸಿದ್ದರು: ಒಂದೇ ತೆರನಾದ ವಸ್ತುಗಳ ಸಾಲಿನಲ್ಲಿ ಬೇರೆಯಾಗಿರುವುದು ನೆನಪಿನಲ್ಲಿ ಉಳಿಯುತ್ತದೆ. ಕಬ್ಬಿನ ಹೊಲದ ನಡುವೆ ಕೆಂಪು ಸೀರೆಯ ಹೆಂಗಸು ದೂರದಿಂದಲೇ ಕಾಣುತ್ತಾಳೆ. ಎಲ್ಲ ಗುಂಡಿಗಳೂ ಕೆಂಪಾದರೆ ಯಾವುದೂ ಕಾಣುವುದಿಲ್ಲ. ನಮ್ಮ ರೈತರ ತಾಣದಲ್ಲಿ ಆಗಿದ್ದು ಇದೇ.

ಓದಲು ಬರುವಂತಿರಲಿ

ಮನೋವಿಜ್ಞಾನ ಆಮೇಲೆ, ಮೊದಲು ಅಕ್ಷರ ಕಾಣಬೇಕು. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಸಂಸ್ಥೆಯ 2008ರ ಸೂಚನೆಯಂತೆ ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಗಳಿಗೆ 3ಕ್ಕೆ 1 ಸಾಕು. ಬಿಳಿಯ ಮೇಲೆ ಕಪ್ಪು 21ಕ್ಕೆ 1, ಅದಕ್ಕಿಂತ ಮಿಗಿಲಿಲ್ಲ. ನಮಗೆ ಬೇಕಾದ ಕೆಲವು ಲೆಕ್ಕ ಇಲ್ಲಿವೆ:

- ಕೇಸರಿಯ ಮೇಲೆ ಬಿಳಿ ಅಕ್ಷರ: ಸುಮಾರು 2ಕ್ಕೆ 1. ಓದುವುದು ಕಷ್ಟ.
- ಕೇಸರಿಯ ಮೇಲೆ ಕಪ್ಪು ಅಕ್ಷರ: ಸುಮಾರು 10ಕ್ಕೆ 1. ಚೆನ್ನಾಗಿದೆ.
- ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು: ಸುಮಾರು 3.7ಕ್ಕೆ 1. ತಲೆಬರಹಕ್ಕೆ ನಡೆದೀತು, ಸಣ್ಣ ಅಕ್ಷರಕ್ಕೆ ಬೇಡ.
- ಅದೇ ಹಳದಿಯ ಮೇಲೆ ಗಾಢ ಕುಂಕುಮ ಬಣ್ಣ: ಸುಮಾರು 10ಕ್ಕೆ 1. ಅಂದವೂ ಹೌದು, ಸ್ಪಷ್ಟವೂ ಹೌದು.
- ಗಾಢ ಹಸಿರಿನ ಮೇಲೆ ಕೆಂಪು: ಸುಮಾರು 1.3ಕ್ಕೆ 1. ದಯವಿಟ್ಟು ಮಾಡಬೇಡಿ!

ಕನ್ನಡದ ಒತ್ತಕ್ಷರ, ಮರಾಠಿಯ ಜೋಡಕ್ಷರಗಳಲ್ಲಿ ಗೆರೆ ಸಣ್ಣ, ತಿರುವು ಹೆಚ್ಚು. ನಮ್ಮವರು ಮೊಬೈಲ್ ನೋಡುವುದು ಹೊಲದ ಬದುವಿನ ಮೇಲೆ, ಸುಡು ಬಿಸಿಲಲ್ಲಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಛಾಯೆಗಳ ಭೇದವೂ ಕಡಿಮೆಯಾಗುತ್ತದೆ. ಐವತ್ತು ದಾಟಿದ ನನ್ನಂಥವರ ಬಗ್ಗೆಯೂ ಕರುಣೆ ಇರಲಿ.

ಬಣ್ಣಗುರುಡಿನವರೂ ಇದ್ದಾರೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ. 8ರಷ್ಟು ಜನರಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯುವುದಿಲ್ಲ. ಹೆಂಗಸರಲ್ಲಿ ಇದು ಬಹಳ ಕಡಿಮೆ. ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಅವರಿಗೂ ಈ ತೊಂದರೆ ಇದೆ. ತನಗೆ ಚೆನ್ನಾಗಿ ಕಾಣುವ ಬಣ್ಣ ನೀಲಿ ಎಂದು ಅವರು 2010ರಲ್ಲಿ ಹೇಳಿದ್ದರು. ನಮ್ಮ ದೇಶದಲ್ಲಿ ಹಸಿರು ಚುಕ್ಕೆ ಸಸ್ಯಾಹಾರಕ್ಕೆ, ಕಂದು ಚುಕ್ಕೆ ಮಾಂಸಾಹಾರಕ್ಕೆ ಇತ್ತು. ಇವೆರಡರ ಭೇದ ತಿಳಿಯದವರ ಗತಿ? ಅದಕ್ಕೇ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಲ್ಲಿ ಮಾಂಸಾಹಾರದ ಗುರುತು ಕಂದು ತ್ರಿಕೋನವಾಯಿತು. ಬಣ್ಣದ ಜತೆಗೆ ಆಕಾರವೂ ಇರಲಿ ಎಂಬ ಪಾಠ ಜಾಲತಾಣಕ್ಕೂ ಹೊಂದುತ್ತದೆ. "ಕೆಂಪು ಇದ್ದದ್ದು ಮುಗಿದಿದೆ" ಎಂದು ಬಣ್ಣದಲ್ಲಿ ಮಾತ್ರ ಹೇಳದೆ "ಮುಗಿದಿದೆ" ಎಂದು ಅಕ್ಷರದಲ್ಲೂ ಬರೆಯಿರಿ.

ಬಣ್ಣ ಸುಳ್ಳು ಹೇಳಿದಾಗ

ಬೆಲ್ಲವನ್ನೇ ನೋಡಿ. ಕಬ್ಬಿನ ಹಾಲನ್ನು ಶುದ್ಧ ಮಾಡಲು ನಮ್ಮ ಹಿರಿಯರು ಬೆಂಡೆ ಗಿಡದ ಲೋಳೆ, ಸುಣ್ಣ ಬಳಸುತ್ತಿದ್ದರು. ಹಳದಿ ಬೆಲ್ಲಕ್ಕೆ ದರ ಹೆಚ್ಚು ಸಿಗುತ್ತದೆಂದು ಗಾಣಗಳಿಗೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಬಂತು. ಅದು ಬೆಲ್ಲವನ್ನು ತಿಳಿ ಮಾಡುತ್ತದೆ, ರುಚಿ ಹೆಚ್ಚಿಸುವುದಿಲ್ಲ. ಕೆಲವು ದಿನ ಇಟ್ಟರೆ ಬಣ್ಣ ಮತ್ತೆ ಕಪ್ಪಾಗುತ್ತದೆ. ಗಂಧಕದ ಅಂಶ ಮಾತ್ರ ಒಳಗೆ ಉಳಿಯುತ್ತದೆ. ಈಗ ಕಾಲ ತಿರುಗಿದೆ. ಪಟ್ಟಣದ ಗಿರಾಕಿ "ಕಪ್ಪು ಬೆಲ್ಲವೇ ಶುದ್ಧ" ಎನ್ನುತ್ತಾನೆ. ಇದೂ ಪೂರ್ತಿ ನಿಜವಲ್ಲ. ಕಬ್ಬಿನ ತಳಿ, ಮಣ್ಣು, ಹೆಚ್ಚು ಕಾಯಿಸಿದ್ದು, ಹಳೆಯದಾದದ್ದು, ಇವುಗಳಿಂದಲೂ ಬೆಲ್ಲ ಕಪ್ಪಾಗುತ್ತದೆ. ಬಣ್ಣ ಒಂದೇ ಶುದ್ಧತೆಗೆ ಪುರಾವೆ ಅಲ್ಲ.

ಕೀಟನಾಶಕದ ಡಬ್ಬಿಯ ಗುರುತನ್ನು ರೈತರು ಬಲ್ಲರು. ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ತ್ರಿಕೋನ ಎಂದರೆ ವಿಷ ಇಲ್ಲ ಎಂದಲ್ಲ, ಉಳಿದವಕ್ಕಿಂತ ಕಡಿಮೆ ಎಂದಷ್ಟೇ. ಜಾಲತಾಣದ ಹಸಿರನ್ನೂ ಹೀಗೆಯೇ ನೋಡಿ. ಹಸಿರು ಎಲೆಯ ಚಿತ್ರ ಇದ್ದ ಮಾತ್ರಕ್ಕೆ ಸರಕು ಸಾವಯವ ಆಗುವುದಿಲ್ಲ. ಪ್ರಮಾಣಪತ್ರ ಕೇಳಿ. ಪುರಾವೆಯಿಲ್ಲದೆ ಪರಿಸರದ ಹೆಸರು ಹೇಳಿ ಮಾರುವುದರ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಇನ್ನೊಂದು ಕಪಟ ಇದೆ. "ಒಪ್ಪಿಗೆ" ಎಂಬ ಗುಂಡಿ ದೊಡ್ಡದು, ಝಗಮಗಿಸುವ ಹಸಿರು. "ಬೇಡ" ಎಂಬುದು ಬೂದು ಬಣ್ಣದ ಸಣ್ಣ ಅಕ್ಷರ, ಹುಡುಕಿದರೂ ಕಾಣದು. ಇಂಥ ತಂತ್ರಗಳನ್ನು ಅದೇ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ಅದರಲ್ಲಿ ಒಟ್ಟು 13 ಬಗೆ ಇವೆ. ಕೇಳದೆ ಬುಟ್ಟಿಗೆ ಸರಕು ಸೇರಿಸುವುದು, "ಇನ್ನು ಎರಡೇ ಉಳಿದಿವೆ" ಎಂದು ಸುಳ್ಳು ಅವಸರ ಹುಟ್ಟಿಸುವುದು ಕೂಡ ಅವುಗಳಲ್ಲಿ ಸೇರಿವೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಎಲ್ಲಕ್ಕಿಂತ ಅಪಾಯಕಾರಿ, ಬಣ್ಣದ ನಕಲು. ಬ್ಯಾಂಕಿನ ಅದೇ ನೀಲಿ, ಅದೇ ಗುರುತು ಹಚ್ಚಿ ಕಳ್ಳರು ಸುಳ್ಳು ಪುಟ ಕಟ್ಟುತ್ತಾರೆ. ಬಣ್ಣ ಕದಿಯುವುದು ಸುಲಭ, ವಿಳಾಸ ಕದಿಯುವುದು ಕಷ್ಟ. ಆದ್ದರಿಂದ ಮೇಲಿನ ಪಟ್ಟಿಯಲ್ಲಿರುವ ವಿಳಾಸವನ್ನು ಅಕ್ಷರ ಅಕ್ಷರ ಓದಿ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ ಎಂಬುದನ್ನೂ ಮರೆಯಬೇಡಿ. ಮೋಸ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಜಾಲತಾಣ ಮಾಡಿಸುವವರಿಗೆ ಆರು ಸೂಚನೆಗಳು

1. ಮೊದಲು ನಿಮ್ಮ ಗಿರಾಕಿ ಯಾರು, ಯಾವ ಊರಿನವರು ಎಂದು ಬರೆದುಕೊಳ್ಳಿ. ಬಣ್ಣ ಆಮೇಲೆ.
2. ಮೂರು ಬಣ್ಣ ಸಾಕು. ಹಿನ್ನೆಲೆಗೆ ಒಂದು, ಅಕ್ಷರಕ್ಕೆ ಒಂದು, "ಕೊಳ್ಳಿರಿ" ಗುಂಡಿಗೆ ಒಂದು. ಗುಂಡಿಯ ಬಣ್ಣವನ್ನು ಬೇರೆಲ್ಲೂ ಬಳಸಬೇಡಿ.
3. ಸರಕಿನ ಫೋಟೋವನ್ನು ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮೇಲೆ ಇಟ್ಟು ತೆಗೆಯಿರಿ. ಕಾಗದ ಬಿಳಿಯಾಗಿ ಕಂಡರೆ ಸರಕಿನ ಬಣ್ಣವೂ ಬಹುಮಟ್ಟಿಗೆ ನಿಜ.
4. ಪುಟವನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ನೋಡಿ. ಆಗಲೂ ಅರ್ಥವಾದರೆ ಬಣ್ಣಗುರುಡಿನವರಿಗೂ ಅರ್ಥವಾಗುತ್ತದೆ.
5. ಬಿಸಿಲಲ್ಲಿ ನಿಂತು, ಅಗ್ಗದ ಮೊಬೈಲಿನಲ್ಲಿ, ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿ.
6. ಪಾಕೀಟು, ಬಿಲ್ಲು, ಅಂಗಡಿಯ ಬೋರ್ಡು, ಜಾಲತಾಣ ಎಲ್ಲಕ್ಕೂ ಅದೇ ಬಣ್ಣ ಇರಲಿ. ವರ್ಷಕ್ಕೊಮ್ಮೆ ಬದಲಿಸಬೇಡಿ.

ಕೊನೆಯ ಮಾತು

ನಮ್ಮ ರೈತರ ಮಗ ತಾಣವನ್ನು ಮತ್ತೆ ಕಟ್ಟಿದ್ದಾನೆ. ಈಗ ಬಿಳಿ ಹಿನ್ನೆಲೆ, ಗಾಢ ಕಂದು ಅಕ್ಷರ, ಒಂದೇ ಒಂದು ಹಸಿರು ಗುಂಡಿ. ಬೆಲ್ಲದ ಫೋಟೋ ಇದ್ದಂತೆಯೇ ಇದೆ. ಕೆಳಗೆ ಕನ್ನಡ, ಮರಾಠಿ ಎರಡರಲ್ಲೂ ಎರಡು ಸಾಲು: "ನಮ್ಮ ಬೆಲ್ಲಕ್ಕೆ ಹೈಡ್ರೋಸ್ ಹಾಕುವುದಿಲ್ಲ, ಅದಕ್ಕೇ ಈ ಬಣ್ಣ. ಒಂದೊಂದು ಪೆಂಟಿಯ ಬಣ್ಣ ಸ್ವಲ್ಪ ಬೇರೆ ಇರಬಹುದು." ವ್ಯಾಪಾರ ಬಹಳ ಏರಿದೆ ಎಂದು ನಾನು ಹೇಳಲಾರೆ. ಆದರೆ ಆಮೇಲೆ ಬಣ್ಣದ ತಕರಾರಿನಿಂದ ಒಂದು ಪಾರ್ಸೆಲ್ಲೂ ಮರಳಿ ಬಂದಿಲ್ಲ ಎಂದು ಅವರು ಹೇಳಿದರು.

ಬಣ್ಣ ಗಿರಾಕಿಯನ್ನು ಬಾಗಿಲಿಗೆ ಕರೆದು ತರುತ್ತದೆ. ಒಳಗೆ ಕೂರಿಸುವುದು, ಮತ್ತೆ ಬರುವಂತೆ ಮಾಡುವುದು ಸರಕಿನ ಕೆಲಸ. ಮಾರುವವರು ಬಣ್ಣದಲ್ಲಿ ನಿಜ ಹೇಳಲಿ, ಕೊಳ್ಳುವವರು ಬಣ್ಣದ ಕೆಳಗಿನ ಅಕ್ಷರ ಓದಲಿ.